ಜಗಲಿ ಪಕ್ಕದ ಟಾಯ್ಲೆಟ್ಟು

ನಮ್ಮ ಅತ್ತಿಗೆ ತುಮಕೂರಿಗೆ ಬಂದರೆ ನಮ್ಮ ಬಡಾವಣೆ ಬಟವಾಡಿಯ ನೀರೆಲ್ಲ ಖಾಲಿ ಅಂತ ನಾನು ತಮಾಷೆ ಮಾಡುತ್ತಿದ್ದೆ. ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನಾನೂ ಅವಳೂ ಒಂದೇ ಓರಗೆಯವರು, ಹಾಗಾಗಿ ಹೋಗೇ ಬಾರೇ ಅನ್ನುವಷ್ಟು ಸಲಿಗೆ. ಗುಬ್ಬಿ ತಾಲ್ಲೂಕಿನ ನಮ್ಮೂರಿನಿಂದ ಬಸ್ಸಿನಲ್ಲಿ ಬಂದು, ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ, ಇನ್ನೂ ಚಪ್ಪಲಿ ಬಿಡುವ ಮೊದಲೇ 'ನೀರ್ ಕೊಡೇ' ಅನ್ನುತ್ತಿದ್ದಳು. ಕೊಟ್ಟ ಚೊಂಬನ್ನು ಎತ್ತಿ ಗಟಗಟ ಕುಡಿದು, ಖಾಲಿ ಚೊಂಬನ್ನು ಮತ್ತೆ ನನ್ನ ಕೈಗೇ ಕೊಡುತ್ತಿದ್ದಳು. ಇದ್ದಷ್ಟು ದಿನವೂ ಅಡುಗೆಮನೆಯ ಕ್ಯಾನಿನ ಪಕ್ಕದಲ್ಲೇ ಅವಳ ಓಡಾಟ.

'ಏನೇ, ಊರಲ್ಲಿ ನಮ್ಮನೆ ಬೋರ್‌ವೆಲ್ ಬತ್ತೋಯ್ತಾ?' ಅಂತ ರೇಗಿಸುತ್ತಿದ್ದೆ.

'ನಿಮ್ಮೂರ್ ನೀರ್ ರುಚಿ ಕಣೇ' ಅನ್ನುತ್ತಿದ್ದಳು.

ಬಟವಾಡಿಯ ನೀರು ರುಚಿ ಅಂದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಆ ಮಾತಿನಲ್ಲಿ ಏನೋ ಇದೆ ಅಂತ ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನನ್ನ ಗಂಡನೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಅವಳೂ ನಗುತ್ತಿದ್ದಳು.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹೊಸದಾಗಿ ಸೇರಿದ ಮಕ್ಕಳಿಗೆ ಪ್ರತಿ ವರ್ಷ ನಾನು ಹೇಳುವ ಮೊದಲ ಮಾತು ಒಂದೇ: ಬಡತನ ಅಂದರೆ ಬರೀ ಜೇಬು ಖಾಲಿ ಅಂತಲ್ಲ. ಮನೆಯ ವರಮಾನ ಎಷ್ಟು ಅಂತ ಕೇಳಿದರೆ ಅರ್ಧ ಸತ್ಯವೂ ಸಿಗುವುದಿಲ್ಲ. ತೆಂಗಿನ ತೋಟದವನು ಕಾಯಿಗೆ ರೇಟು ಬಂದ ವರ್ಷ ಸಾಹುಕಾರ, ಬಿದ್ದ ವರ್ಷ ಬಡವ. ಆದರೆ ಅವನ ಮನೆಯ ನೆಲ, ಒಲೆ, ನೀರು ಎರಡು ವರ್ಷವೂ ಅವೇ. ಆದ್ದರಿಂದ ಕುಡಿಯುವ ನೀರು ಎಷ್ಟು ದೂರ, ಅಡುಗೆಗೆ ಸೌದೆಯೋ ಗ್ಯಾಸೋ, ಮಕ್ಕಳು ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟರು, ಟಾಯ್ಲೆಟ್ಟು ಇದೆಯೋ ಇಲ್ಲವೋ, ಇವನ್ನೆಲ್ಲ ಕೇಳಿ ಅಳೆಯಬೇಕು. ಹೀಗೆ ಅಳೆದರೆ ಒಂದೇ ಜಿಲ್ಲೆಯಲ್ಲಿ ಒಂದು ತಾಲ್ಲೂಕಿಗೂ ಇನ್ನೊಂದಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಈ ಪಾಠವನ್ನು ನಾನು ಚೆನ್ನಾಗಿ ಮಾಡುತ್ತೇನೆ. ಮಕ್ಕಳು ಮೊಬೈಲು ಕೆಳಗಿಟ್ಟು ಕೇಳುತ್ತಾರೆ.

ಹೋದ ವರ್ಷ ನಾವು ಕೆಲವರು ಮೇಷ್ಟರು ಸೇರಿ ಇದನ್ನು ಸಣ್ಣ ಮಟ್ಟದಲ್ಲಿ ಮಾಡಿಯೇ ನೋಡೋಣ ಅಂತ ಹೊರಟೆವು. ತುಮಕೂರಿನ ಒಂದು ಬಡಾವಣೆ, ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ, ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಮನೆಗಳನ್ನು ಹಂಚಿಕೊಂಡು ಒಬ್ಬೊಬ್ಬರೇ ಹೋಗಿ ಕೇಳುವುದು; ಇದೆ ಅಂದರೆ ಒಂದು ಅಂಕ, ಇಲ್ಲ ಅಂದರೆ ಸೊನ್ನೆ. ಗುಬ್ಬಿ ಕಡೆಯ ಹಳ್ಳಿ ಅಂತ ನಾನು ನಮ್ಮೂರನ್ನೇ ಆರಿಸಿದೆ. ಅನುಕೂಲ ಅಂತ ಎಲ್ಲರಿಗೂ ಹೇಳಿದೆ. ಒಳಗೆ ಬೇರೆ ಆಸೆ ಇತ್ತು. ನಮ್ಮ ಜೊತೆ ಕುಣಿಗಲ್ ಕಡೆಯ ಒಬ್ಬ ಮೇಷ್ಟರಿದ್ದರು. ಅವರಿಗೂ ನನಗೂ ಸ್ಟಾಫ್ ರೂಮಿನಲ್ಲಿ ಯಾವಾಗಲೂ ಊರಿನ ಜಗಳ. 'ನಿಮ್ಮೂರ ಸ್ಟಡ್ ಫಾರಂ ಕುದುರೆಗಿರೋ ಮನೆ ಮನುಷ್ಯರಿಗಿಲ್ಲ ಬಿಡಿ ಸಾರ್' ಅಂತ ನಾನು. 'ನಿಮಗೆ ತೆಂಗಿನಕಾಯಿ ಸೊಕ್ಕು ಮೇಡಂ' ಅಂತ ಅವರು. ಅವರೆದುರು ನಮ್ಮೂರು ಗೆಲ್ಲಬೇಕಿತ್ತು ನನಗೆ. ಕೊನೆಗೆ ಗೆದ್ದಿತು ಕೂಡ. ನಮ್ಮೂರಿನ ಮನೆಗಳೆಲ್ಲ ಸಿಮೆಂಟು ನೆಲ, ಗ್ಯಾಸು, ಮೋಟರು, ಟಾಯ್ಲೆಟ್ಟು. ನಮ್ಮ ಮನೆಯಂತೂ ಎಲ್ಲದರಲ್ಲೂ ಪೂರ್ತಿ ಅಂಕ. ಅಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಜಗಲಿಯ ಮೇಲೆ ಕೂತ ಅಪ್ಪ.

ನಮ್ಮೂರಿನ ಕೆಲಸ ಮುಗಿದ ಮೇಲೆ ಕುಣಿಗಲ್ ಕಡೆಗೆ ಹೋದೆವು. ಮಾರ್ಕೋನಹಳ್ಳಿ ಡ್ಯಾಮಿಗೆ ಹತ್ತಿರದ ಹಳ್ಳಿ. ಗದ್ದೆಗೆ ಕಾಲುವೆ ನೀರು ಬರುತ್ತದೆ, ಮನೆಯ ನಲ್ಲಿಗೆ ಬರುವುದಿಲ್ಲ. ಒಂದು ಮನೆಯ ಹಿಂದೆ ಟಾಯ್ಲೆಟ್ಟು ಇತ್ತು, ಅದರ ತುಂಬ ಸೌದೆ. ಮನೆಯಾಕೆ ನನ್ನಷ್ಟೇ ವಯಸ್ಸಿನವಳು, ಬಾಯಿ ಜೋರು. ಇದೇನಮ್ಮ ಹೀಗೆ ಅಂತ ಕೇಳಿದ್ದಕ್ಕೆ, 'ಕೊಡದಲ್ಲಿ ಹೊತ್ಕಂಬರೋ ನೀರ್ನ ಅದ್ಕೆ ಸುರ್ದ್‌ಬುಟ್ರೆ ಕುಡ್ಯಕೇನ್ ಮಾಡಾನವ್ವ?' ಅಂದಳು. ಬೆಳಗಾಗುವ ಮುಂಚೆ ಅಕ್ಕಪಕ್ಕದ ಹೆಂಗಸರೆಲ್ಲ ಒಟ್ಟಿಗೆ ಬಯಲಿಗೆ ಹೋಗುತ್ತಾರಂತೆ. ಹೋದ ಮಳೆಗಾಲದಲ್ಲಿ ಒಬ್ಬಳಿಗೆ ಹಾವು ಕಚ್ಚಿತ್ತಂತೆ.

ನನಗೆ ಸಿಟ್ಟು ಬೇಗ. ಪಾಠ ಶುರು ಮಾಡಿದೆ. ಆರೋಗ್ಯ, ಮರ್ಯಾದೆ, ಹೆಣ್ಣುಮಕ್ಕಳ ಭದ್ರತೆ, ಏನೇನೋ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. 'ನಮ್ಮನೆಗೂ ಬಂದು ನೋಡಿ, ಗುಬ್ಬೀಲಿ. ಮುಂದುಗಡೇನೇ ಕಟ್ಟಿಸಿದೀವಿ, ಜಗಲಿ ಪಕ್ಕದಲ್ಲೇ. ಟೈಲ್ಸು, ನಲ್ಲಿ, ಎಲ್ಲಾ ಇದೆ' ಅಂದೆ.

'ಜಗಲಿ ಪಕ್ದಲ್ಲಾ? ಗಂಡುಸ್ರು ಕೂತ್ಕಳೋ ತಾವಾ?'

'ಹೂಂ.'

'ಹಂಗಾರೆ ಹೆಂಗುಸ್ರು ಯಾವಾಗ್ ಹೋಯ್ತರೆ?'

'ನಾನು ಹೋಗ್ತೀನಲ್ಲ' ಅಂದೆ.

'ನೀವು ಮಗ್ಳಲ್ವ್ರಾ' ಅಂದಳು ಅವಳು. ಚುಚ್ಚಿ ಮಾತಾಡಿದ್ದಲ್ಲ, ಸುಮ್ಮನೆ ತಿದ್ದಿದಂತೆ. ಆಮೇಲೆ ಕಾಫಿ ಕುಡಿದು ಹೋಗಿ ಅಂತ ಒಳಗೆ ಹೋದಳು.

ಕುಣಿಗಲ್ಲಿನಿಂದ ತುಮಕೂರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಕುಣಿಗಲ್ ಮೇಷ್ಟರು ಪಕ್ಕದಲ್ಲಿ ಏನೋ ಹೇಳುತ್ತಿದ್ದರು, ಹೂಂ ಹೂಂ ಅನ್ನುತ್ತಿದ್ದೆ. ನನ್ನ ಕಣ್ಣ ಮುಂದೆ ನಮ್ಮ ಜಗಲಿ ಇತ್ತು.

ಆ ಟಾಯ್ಲೆಟ್ಟು ಕಟ್ಟಿಸಿದ್ದೇ ನನಗೋಸ್ಕರ. ನನ್ನ ಮದುವೆ ಗೊತ್ತಾದಾಗ ಗಂಡಿನ ಕಡೆಯವರು ತುಮಕೂರು ಸಿಟಿಯವರು. ಬೀಗರು ಬಂದಾಗ ಅವರನ್ನು ಹಿತ್ತಲಿಗೆ ಕಳಿಸುವುದು ಹೇಗೆ ಅಂತ ಅಪ್ಪನಿಗೆ ಯೋಚನೆಯಾಯಿತು. ಮನೆಯೊಳಗಿಂದ ಹಾದು ಹೋಗುವ ಹಾಗೆ ಕಟ್ಟಿದರೆ ದೇವರ ಮನೆ ಅಡ್ಡ. ಅದಕ್ಕೆ ಮುಂದೆ, ಜಗಲಿಯ ಬಲಗಡೆ, ಅಂಗಳಕ್ಕೆ ಬಾಗಿಲು ಮಾಡಿ ಕಟ್ಟಿಸಿದರು. ಬಾಗಿಲಿಗೆ ಹಸಿರು ಬಣ್ಣ. ಬೀಗರು ಬಂದವರು ಕಾಲು ತೊಳೆದು, ಅದನ್ನು ನೋಡಿ ತಲೆದೂಗಿದರು. ಊರಿನಲ್ಲಿ ನಮ್ಮದೇ ಮೊದಲನೆಯದು. ಆಮೇಲೆ ನಮ್ಮನ್ನು ನೋಡಿ ಇನ್ನೂ ಹಲವರು ಮುಂದೆಯೇ ಕಟ್ಟಿಸಿದರು. ಅಣ್ಣನ ಮದುವೆ ಆಗಿದ್ದು ನನ್ನ ಮದುವೆ ಆದ ಮಾರನೇ ವರ್ಷ. ಅಂದರೆ ಅತ್ತಿಗೆ ಬರುವ ಹೊತ್ತಿಗೆ ಹಸಿರು ಬಾಗಿಲು ಅಲ್ಲಿತ್ತು.

ನಮ್ಮ ಜಗಲಿ ಬೆಳಗ್ಗೆ ಪೂಜೆ ಮುಗಿದ ಮೇಲೆ ತುಂಬುತ್ತದೆ. ಅಪ್ಪ ವಿಭೂತಿ ಹಚ್ಚಿಕೊಂಡು ಬಂದು ಕಂಬಕ್ಕೆ ಒರಗಿ ಕೂತರೆ, ಊರಿನ ಹಿರಿಯರು ಒಬ್ಬೊಬ್ಬರೇ ಬಂದು ಸೇರುತ್ತಾರೆ. ಕೊಬ್ಬರಿ ರೇಟು, ಮಠದ ಸುದ್ದಿ, ಎಲೆಕ್ಷನ್ನು. ಊಟಕ್ಕೆ ಎದ್ದರೂ ಮತ್ತೆ ಬಂದು ಕೂರುತ್ತಾರೆ, ದೀಪ ಹಚ್ಚುವವರೆಗೆ. ನಾನು ಊರಿಗೆ ಹೋದಾಗ ಅವರ ಮುಂದೆಯೇ ಬಾಗಿಲು ತೆಗೆದು ಒಳಗೆ ಹೋಗುತ್ತೇನೆ. ಯಾವತ್ತೂ ಏನೂ ಅನ್ನಿಸಿಲ್ಲ. ಹುಟ್ಟಿದ ಮನೆ. ಅತ್ತಿಗೆ ಆ ಬಾಗಿಲು ತೆಗೆದದ್ದನ್ನು ಹಗಲು ಹೊತ್ತಿನಲ್ಲಿ ನಾನು ಎಂದಾದರೂ ನೋಡಿದ್ದೇನೆಯೇ ಅಂತ ಬಸ್ಸಿನಲ್ಲಿ ನೆನಪು ಮಾಡಿಕೊಂಡೆ. ನೋಡಿರಲಿಲ್ಲ.

ಇನ್ನೊಂದೂ ನೆನಪಾಯಿತು. ಅತ್ತಿಗೆ ತುಮಕೂರಿಗೆ ಬರುತ್ತಿದ್ದದ್ದೇ ಆಸ್ಪತ್ರೆಗೆ. ಉರಿಮೂತ್ರ, ಸೊಂಟ ನೋವು, ಜ್ವರ. ಗುಳಿಗೆ ತಗೊಂಡರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಉಷ್ಣ ಅಂತ ಊರಿನವರು, ಉಷ್ಣವೇ ಇರಬೇಕು ಅಂತ ನಾನೂ. ಬಟವಾಡಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಕೊನೆಯ ಸಲ ಸ್ಕ್ಯಾನಿಂಗ್ ನೋಡಿ, ಒಂದು ಕಿಡ್ನಿ ಊದಿದೆ, ಹೀಗೇ ಬಿಟ್ಟರೆ ಅದು ಕೈಕೊಡುತ್ತೆ, ನೀರು ಕುಡಿಯಿರಿ, ತಡೆದು ಹಿಡಿಯಬೇಡಿ ಅಂದಿದ್ದರು. ಅತ್ತಿಗೆ ತಲೆಯಾಡಿಸಿದ್ದಳು. ಆಚೆ ಬಂದ ಮೇಲೆ ಆಟೋದಲ್ಲಿ ನಾನು ಅವಳಿಗೆ ಬೈದಿದ್ದೆ. 'ನೀರ್ ಕುಡಿಯೋಕೂ ಸೋಮಾರಿತನನಾ ನಿನಗೆ?' ಅಂತ. ಅವಳು ಆಚೆ ಅಂಗಡಿಗಳನ್ನು ನೋಡುತ್ತ ಕೂತಿದ್ದಳು. ಈ ಮಾತನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತದೆ.

ಆ ಭಾನುವಾರ ಗುಬ್ಬಿಗೆ ಹೋದೆ. ಅತ್ತಿಗೆ ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದಳು. ಬಾಗಿಲು ಮುಂದಕ್ಕೆ ಮಾಡಿ ಕೇಳಿದೆ.

'ನೀನು ಹಗಲೊತ್ತು ಎಲ್ಲಿಗೆ ಹೋಗ್ತೀಯೇ?'

'ಎಲ್ಲಿಗೆ ಅಂದ್ರೆ?'

'ಟಾಯ್ಲೆಟ್ಟಿಗೆ.'

ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. 'ಇದೇನೇ ಮಾತು, ಬುಡು ಅತ್ಲಾಗೆ' ಅಂದಳು. ನಾನು ಬಿಡಲಿಲ್ಲ. ಬೆಳಗಿನ ಜಾವ ಎಲ್ಲರೂ ಏಳುವ ಮುಂಚೆ ಒಂದು ಸಲ, ಎಲ್ಲರೂ ಮಲಗಿದ ಮೇಲೆ ಒಂದು ಸಲ. ನಡುವೆ ಇಲ್ಲ. ಬೆಳಗಿನ ಕಾಫಿ ಆದ ಮೇಲೆ ನೀರು ಮುಟ್ಟುವುದಿಲ್ಲ. ಹಿತ್ತಲಿಗೆ ಹೋಗೋಣ ಅಂದರೆ ಅಲ್ಲಿ ಈಗ ಕಾಯಿ ಸುಲಿಯುವ ಶೆಡ್ಡು, ದಿನವಿಡೀ ಕೆಲಸದವರು. ಬಚ್ಚಲಲ್ಲಿ ಹಂಡೆ ಇದೆ, ಪೂಜೆಗೆ ಮುಂಚಿನ ಸ್ನಾನದ ನೀರು ಕಾಯುವುದು ಅದರಲ್ಲೇ; ಅಲ್ಲಿ ಕೂತರೆ ಮೈಲಿಗೆ ಅಂತ ನಮ್ಮಮ್ಮ ಇದ್ದಾಗ ಹಾಕಿದ ಕಟ್ಟು. ಅಮ್ಮ ಹೋದರೂ ಕಟ್ಟು ಹೋಗಿಲ್ಲ.

'ಮುಟ್ಟಾದಾಗ?' ಅಂದೆ.

ಅವಳು ಒಲೆಯ ಕಡೆ ತಿರುಗಿದಳು. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿದಳು.

'ಯಾಕೆ ಒಂದ್ ಸಲನೂ ಹೇಳ್ಲಿಲ್ಲ?'

'ಏನಂತ ಹೇಳ್ಳಿ? ಮಾವನೋರು ಕೂತಿರ್ತಾರೆ, ಊರೋರ್ ಕೂತಿರ್ತಾರೆ, ಅವ್ರ್ ಮುಂದೇನೇ ಬಾಗ್ಲ್ ತೆಕ್ಕಂಡ್ ಹೋಗ್ಲಾ? ನಿಂಗೆ ಹೇಳಿದ್ರೆ ನೀನ್ ಜೋರ್ ಮಾಡ್ತೀಯ, ಆಮೇಲ್ ತುಮ್ಕೂರಿಗ್ ಹೋಯ್ತೀಯ. ಇಲ್ಲಿರೋಳು ನಾನು.' ಕೋಲಿನಿಂದ ಮುದ್ದೆ ತಿರುವುತ್ತ ಹೇಳಿದಳು. 'ನೀನ್ ಈಗ ಯಾರತ್ರಾನೂ ಹೇಳ್‌ಬ್ಯಾಡ. ಆಣೆ.'

ನಾನು ಆಣೆ ಮಾಡಲಿಲ್ಲ. ನೇರ ಅಣ್ಣನ ಹತ್ತಿರ ಹೋದೆ. ಅವನು ಶೆಡ್ಡಿನಲ್ಲಿದ್ದ. ಹಿಂದುಗಡೆ ಇನ್ನೊಂದು ಕಟ್ಟಿಸೋ ಅಂದೆ. ಅವನು ಕಾಲಿನಿಂದ ಸಿಪ್ಪೆ ಸರಿಸುತ್ತ ನಿಂತ. ಗೊತ್ತಿಲ್ಲ ಅಂತ ಅವನು ಹೇಳಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. 'ಅಪ್ಪ ಇರೋದಕ್ಕೇನಾಗಿದೆ ಅಂತಾರೆ. ಏನಂತ ಹೇಳ್ಲಿ ಅವ್ರಿಗೆ? ನೀನೇ ಹೇಳು. ಓದಿರೋಳು ನೀನು, ಸಭೇಲೆಲ್ಲ ಮಾತಾಡ್ತೀಯ' ಅಂದ.

ಹೇಳುತ್ತೇನೆ ಅಂತಲೇ ಹೊರಟೆ. ಜಗಲಿಯಲ್ಲಿ ಅಪ್ಪನ ಪಕ್ಕ ಕೂತೆ. ಇನ್ನಿಬ್ಬರು ಹಿರಿಯರು ಇದ್ದರು, ಅವರು ಹೋಗಲಿ ಅಂತ ಕಾದೆ. ಹೋದರು. ಅಪ್ಪನಿಗೆ ಏನಂತ ಹೇಳಬೇಕು? ನಿಮ್ಮ ಸೊಸೆ ಉಚ್ಚೆಗೆ ಹೋಗಬೇಕು, ನೀವು ಏಳಿ ಅಂತ? ನಾನು ಸಭೆಗಳಲ್ಲಿ ಶೌಚ, ಮುಟ್ಟು, ಹೆಣ್ಣಿನ ದೇಹ ಅಂತೆಲ್ಲ ಮೈಕಿನಲ್ಲಿ ಮಾತಾಡಿದವಳು. ಆ ಮಾತುಗಳು ನಮ್ಮ ಜಗಲಿಯ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಗಾದೆ ಇದೆಯಲ್ಲ, ಅದು ನನಗೆ ಹೊಲಿಸಿದ ಅಂಗಿ. ಅಷ್ಟರಲ್ಲಿ ಒಳಗಿನ ಬಾಗಿಲಿನಲ್ಲಿ ಅತ್ತಿಗೆ ಕಾಣಿಸಿಕೊಂಡಳು. ಕೈಯಲ್ಲಿ ಪೊರಕೆ. ನಮ್ಮಿಬ್ಬರನ್ನು ನೋಡಿ ಒಳಗೆ ಹೋದಳು. ಗುಡಿಸಲು ಬಂದವಳಲ್ಲ, ಜಗಲಿ ಖಾಲಿಯಾಯಿತೇ ಅಂತ ನೋಡಲು ಬಂದವಳು ಅಂತ ಆವತ್ತು ನನಗೆ ಮೊದಲ ಸಲ ತಿಳಿಯಿತು.

'ಅಪ್ಪ, ತೋಟದಲ್ಲಿ ಹೊಸ ಸಸಿ ಹಾಕ್ಸಿದೀರಂತಲ್ಲ, ತೋರ್ಸಿ ಬನ್ನಿ' ಅಂದೆ. ಅಪ್ಪ ಖುಷಿಯಾಗಿ ಎದ್ದರು. ತೋಟದ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಹಸಿರು ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಅಲ್ಲಿಂದ ನನ್ನ ಕಳ್ಳ ಉಪಾಯ ಶುರುವಾಯಿತು. ನಮ್ಮ ಜಗಲಿಯಲ್ಲಿ ಫೋನು ರಿಂಗಾಗುತ್ತದೆ, ಆದರೆ ಮಾತು ಕಟ್ ಕಟ್ ಆಗುತ್ತದೆ. ಸರಿಯಾಗಿ ಕೇಳಬೇಕಾದರೆ ತೋಟದ ಮೋಟರು ಮನೆಯವರೆಗೆ ಹೋಗಬೇಕು. ಅಪ್ಪ ಎದ್ದರೆ ಉಳಿದವರೂ ಏಳುತ್ತಾರೆ. ಯಜಮಾನ ಇಲ್ಲದ ಜಗಲಿಯಲ್ಲಿ ಹೆಂಗಸರಿರುವ ಮನೆಯ ಮುಂದೆ ಕೂರುವುದು ನಮ್ಮ ಕಡೆ ಮರ್ಯಾದೆಯಲ್ಲ. ನಾನು ಬೆಳಗಿನ ಕ್ಲಾಸು ಮುಗಿದ ಕೂಡಲೇ ಅಪ್ಪನಿಗೆ ಫೋನು ಮಾಡುವುದು, ಅಪ್ಪ ಎದ್ದು ಮೋಟರು ಮನೆಗೆ ನಡೆಯುವುದು. ಮಧ್ಯಾಹ್ನ ಊಟದ ನಂತರ ಇನ್ನೊಮ್ಮೆ. ಅತ್ತಿಗೆಗೆ ನಾನು ಏನೂ ಹೇಳಲಿಲ್ಲ. ಅವಳೂ ಏನೂ ಕೇಳಲಿಲ್ಲ. ಮುಂದಿನ ಸಲ ಬಟವಾಡಿಗೆ ಬಂದಾಗ ಚಪ್ಪಲಿ ಬಿಟ್ಟು, ಕಾಲು ತೊಳೆದು, ಆಮೇಲೆ ನೀರು ಕೇಳಿದಳು. ಒಂದೇ ಲೋಟ. ಡಾಕ್ಟರಮ್ಮ ಊತ ಸ್ವಲ್ಪ ಇಳಿದಿದೆ, ಹೀಗೇ ಮುಂದುವರಿಸಿ ಅಂದರು. ನನಗೆ ಗೆದ್ದಂತಾಯಿತು. ಅಪ್ಪನಿಗೆ ಹೇಳಬೇಕಾದ ಮಾತು ಇನ್ನೂ ಬಾಕಿ ಇದೆ ಅನ್ನುವುದನ್ನು ಆ ಗೆಲುವಿನ ಕೆಳಗೆ ಮುಚ್ಚಿಟ್ಟೆ.

ಅಪ್ಪ ಊರಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. 'ನನ್ ಮಗ್ಳು ದಿನಾ ಫೋನ್ ಮಾಡ್ತಾಳಪ್ಪ. ಎಷ್ಟ್ ಜನ ಮಕ್ಳು ಮಾಡ್ತಾರೆ ಹೇಳು.' ಇದನ್ನು ಅಣ್ಣ ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಮ್ಮ ಅಳತೆಯ ಕೆಲಸ ಮುಗಿದ ಮೇಲೆ ತುಮಕೂರಿನಲ್ಲಿ ಒಂದು ಸಣ್ಣ ಸಭೆ ಇಟ್ಟುಕೊಂಡೆವು. ಗೋಡೆಯ ಮೇಲೆ ನಮ್ಮ ಕೋಷ್ಟಕ. ತುಮಕೂರು ಮೇಲೆ, ಅದರ ಕೆಳಗೆ ಗುಬ್ಬಿ, ಕೊನೆಗೆ ಕುಣಿಗಲ್. ನಾನು ಎದ್ದು ನಿಂತು, ಈ ಅಂಕಗಳನ್ನು ಪೂರ್ತಿ ನಂಬಬೇಡಿ ಅಂದೆ. ಇದೆಯೋ ಇಲ್ಲವೋ ಅಂತ ಕೇಳಿದರೆ ಸಾಲದು. ಯಾರಿಗೆ ಇದೆ, ಯಾವ ಹೊತ್ತಿನಲ್ಲಿ ಇದೆ ಅಂತ ಕೇಳಬೇಕು, ಅದನ್ನೂ ಜಗಲಿಯಲ್ಲಲ್ಲ, ಅಡುಗೆಮನೆಯಲ್ಲಿ ಕೇಳಬೇಕು ಅಂದೆ. 'ಗುಬ್ಬಿ ತಾಲ್ಲೂಕಿನ ಒಂದು ಮನೆ' ಅಂತ ಶುರು ಮಾಡಿ ಹಸಿರು ಬಾಗಿಲಿನ ಕಥೆ ಹೇಳಿದೆ. ನೀರು ಬಿಟ್ಟ ಸೊಸೆ, ಊದಿದ ಕಿಡ್ನಿ, ಜಗಲಿಯ ಮೇಲಿನ ಮಾವ. ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಒರೆಸಿಕೊಂಡರು. ಕುಣಿಗಲ್ ಮೇಷ್ಟರು ಎದ್ದು, 'ಮೇಡಂ, ಅಂಥ ಮನೇನ ನೀವು ಹುಡುಕಿದಿರಲ್ಲ, ಅದು ದೊಡ್ಡದು' ಅಂದರು. ಚಪ್ಪಾಳೆ ಬಿತ್ತು. ಯಾರ ಮನೆ ಅಂತ ನಾನು ಹೇಳಲಿಲ್ಲ. ಅತ್ತಿಗೆಯ ಮರ್ಯಾದೆ ಕಾಯಲು ಹೇಳಲಿಲ್ಲ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ಸುಳ್ಳು. ಕಾದುಕೊಂಡದ್ದು ನನ್ನ ಮರ್ಯಾದೆ.

ಸಭೆ ಮುಗಿದ ಮೇಲೆ ಊಟ, ಫೋಟೋ, ಮಾತು. ಮನೆಗೆ ಬಂದು ಸೀರೆ ಬದಲಾಯಿಸುವಾಗ ಫೋನು ಬಂತು. ಅತ್ತಿಗೆ. ಅವಳು ತಾನಾಗಿ ಫೋನು ಮಾಡುವುದು ಅಪರೂಪ. ದನಿ ಸಣ್ಣದಾಗಿತ್ತು.

'ಇವತ್ತು ಮಾವನೋರಿಗೆ ಫೋನ್ ಮಾಡ್ಲಿಲ್ಲ ಕಣೇ ನೀನು' ಅಂದಳು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನನ್ನ ಫೋನನ್ನು ನಂಬಿಕೊಂಡು ಬೆಳಿಗ್ಗೆ ನೀರು ಕುಡಿದಿದ್ದಳು. ನಾನು ಅವಳ ಕಥೆಗೆ ಚಪ್ಪಾಳೆ ತಗೊಳ್ಳುತ್ತಿದ್ದ ಹೊತ್ತಿಗೆ ಅವಳು ಒಳಗಿನ ಬಾಗಿಲಿನಲ್ಲಿ ಪೊರಕೆ ಹಿಡಿದು ನಿಂತಿದ್ದಳು.

'ಮೀಟಿಂಗ್ ಇತ್ತಾ?' ಅಂತ ಅವಳೇ ಕೇಳಿದಳು.

'ಹೂಂ' ಅಂದೆ.

'ಹೋಗ್ಲಿ ಬುಡು' ಅಂದು ಇಟ್ಟಳು.

ತಕ್ಷಣ ಅಪ್ಪನಿಗೆ ಫೋನು ಮಾಡಿದೆ. ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. 'ಇರವ್ವ, ಇರವ್ವ, ಬಂದೆ' ಅಂತ ಅಪ್ಪನ ದನಿ ಕಟ್ ಕಟ್ ಆಗಿ ಕೇಳಿತು. ಯಾರಿಗೋ 'ಮಗ್ಳು, ಮಗ್ಳು' ಅಂದರು. ಚಪ್ಪಲಿಯ ಸದ್ದು, ಒಣಗಿದ ಗರಿ ತುಳಿಯುವ ಸದ್ದು. ಮೋಟರು ಮನೆ ಬಂತು, ದನಿ ತಿಳಿಯಾಯಿತು. ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡೆ. ಎಲ್ಲ ಮಾತೂ ಬಾಯಿತುದಿಯಲ್ಲೇ ಇತ್ತು, ಮಧ್ಯಾಹ್ನ ಅಷ್ಟು ಜನರ ಮುಂದೆ ಆಡಿದ ಮಾತೇ.

'ಊಟ ಆಯ್ತಾಪ್ಪ?' ಅಂದೆ.

ಆಯಿತು ಅಂದರು. ಸೊಪ್ಪಿನ ಸಾರಂತೆ. ಹೊಸ ಸಸಿ ಸುಳಿ ಬಿಟ್ಟಿದೆಯಂತೆ. ನಾನು ಮಾತು ಎಳೆದೆ. ಅವಳಿಗೆ ಸ್ವಲ್ಪ ಹೊತ್ತು ಸಿಗಲಿ ಅಂತ ಕೊಬ್ಬರಿ ರೇಟು ಕೇಳಿದೆ, ಅವರ ಮಂಡಿನೋವು ಕೇಳಿದೆ, ನೋವಿನ ಎಣ್ಣೆ ಕೇಳಿದೆ.

'ಬೆಳಗ್ಗಿಂದ ಫೋನ್ ಬರ್ಲಿಲ್ವಲ್ಲ ಅಂತ ಕೈಯಲ್ಲೇ ಹಿಡ್ಕಂಡ್ ಕೂತಿದ್ದೆ ಕಣವ್ವ, ಜಗಲಿ ಬಿಟ್ಟು ಏಳ್ಲೇ ಇಲ್ಲ ಇವತ್ತು, ಊಟಾನೂ ಅಲ್ಲಿಗೇ ತರಿಸ್ಕಂಡೆ' ಅಂದರು ಅಪ್ಪ. 'ನಿಂಗೂ ವಯಸ್ಸಾಗ್ತಾ ಆಗ್ತಾ ಅಪ್ಪನ ಮೇಲೆ ಪ್ರೀತಿ ಜಾಸ್ತಿ ಆಯ್ತು.'

'ಹೂಂ ಅಪ್ಪ' ಅಂದೆ.